ಸಾಸಿವೆ ಗಾತ್ರದ ಕಣ್ಣು, ಸೂರ್ಯನ ಮೇಲೆ ಕಾವಲು

ದಾವಣಗೆರೆಯಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲಿ ಹೋದ ವರ್ಷ ನಾಲ್ಕು ಜನ ಬಿಎಸ್ಸಿ ಹುಡುಗರು ಸೇರಿ ಒಂದು ವಿಕಿರಣ ಡಿಟೆಕ್ಟರ್ ಕಟ್ಟಿದರು. ಖರ್ಚು ಜಾಸ್ತಿ ಏನಿಲ್ಲ. ಬೆರಳ ತುದಿಯಷ್ಟು ಒಂದು ಸಿಲಿಕಾನ್ ಫೋಟೋಡಯೋಡ್, ಒಂದು ಆಂಪ್ಲಿಫೈಯರ್ ಬೋರ್ಡ್, ಬೆಳಕು ಒಳಗೆ ಬರದ ಹಾಗೆ ಮೇಲೊಂದು ಅಲ್ಯೂಮಿನಿಯಂ ಫಾಯಿಲ್. ಪರೀಕ್ಷೆಗೆ ಅಂತ ಒಬ್ಬ ಹುಡುಗ ಅಟ್ಟದಿಂದ ಅಜ್ಜನ ಕಾಲದ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ ಹುಡುಕಿ ತಂದಿದ್ದ. ಹಿಂದಿನ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತಿತ್ತು, ಅದು ಸ್ವಲ್ಪ ವಿಕಿರಣ ಬಿಡುತ್ತದೆ. ಮ್ಯಾಂಟಲ್ ಹತ್ತಿರ ತಂದರು, ಎಣಿಕೆ ಏರಿತು, ಎಲ್ಲರಿಗೂ ಖುಷಿ. ಮ್ಯಾಂಟಲ್ ದೂರ ತೆಗೆದರು. ಎಣಿಕೆ ಇಳಿಯಲೇ ಇಲ್ಲ.

ಮೂರು ದಿನ ಹುಡುಕಿದ ಮೇಲೆ ಗೊತ್ತಾಯಿತು, ಫಾಯಿಲ್‌ನ ಮೂಲೆಯಲ್ಲಿ ಸೂಜಿ ಚುಚ್ಚಿದಷ್ಟು ಒಂದು ತೂತು. ಟ್ಯೂಬ್‌ಲೈಟ್ ಬೆಳಕು ಅಲ್ಲಿಂದ ಒಳಗೆ ಬರುತ್ತಿತ್ತು. ಅದನ್ನು ಮುಚ್ಚಿದರೆ ಇನ್ನೊಂದು ತೊಂದರೆ: ಮೇಜು ತಟ್ಟಿದರೆ ಎಣಿಕೆ, ಹೊರಗೆ ಪಿ.ಬಿ. ರಸ್ತೆಯಲ್ಲಿ ಲೋಡ್ ಲಾರಿ ಹೋದರೂ ಎಣಿಕೆ. ತಂತಿ ಒಂಚೂರು ಅದುರಿದರೂ ಸಾಕು, ಡಿಟೆಕ್ಟರ್ ಅದನ್ನೇ ವಿಕಿರಣ ಅಂದುಕೊಳ್ಳುತ್ತಿತ್ತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸೂರ್ಯನನ್ನು ಕಾಯುವ ಉಪಗ್ರಹಗಳಿಗೆ ಈಗ ಹೆಚ್ಚು ಹೆಚ್ಚು ಹಗುರವಾದ ಎಕ್ಸ್‌ರೇ ಡಿಟೆಕ್ಟರ್‌ಗಳು ಬರುತ್ತಿವೆ. ಅವುಗಳ ಬಗ್ಗೆ ಬರೆಯುವವರೆಲ್ಲ ಎಷ್ಟು ಗ್ರಾಂ ಇಳಿಯಿತು, ಎಷ್ಟು ದುಡ್ಡು ಉಳಿಯಿತು ಅಂತಲೇ ಬರೆಯುತ್ತಾರೆ. ನನಗೆ ಅನ್ನಿಸುವುದು ಬೇರೆ. ತೂಕ ಇಳಿಸುವ ದಾರಿ ಹೆಚ್ಚುಕಡಿಮೆ ಗೊತ್ತಾಗಿದೆ. ಇಳಿಸಿದ ಪ್ರತಿ ಗ್ರಾಮಿಗೂ ಪರೀಕ್ಷೆಯ ಗಂಟೆಗಳು ಏರುತ್ತವೆ, ಆ ಲೆಕ್ಕವನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ಮೊದಲು, ಸೂರ್ಯನ ಎಕ್ಸ್‌ರೇ ನೋಡುವುದು ಯಾಕೆ ಬೇಕು ಅನ್ನೋದು. ಸೂರ್ಯನಲ್ಲಿ ಸ್ಫೋಟ ಆದಾಗ, ಅದನ್ನೇ ಸೌರಜ್ವಾಲೆ ಅನ್ನುತ್ತೇವೆ, ಕಣ್ಣಿಗೆ ಕಾಣುವ ಬೆಳಕು ಹೆಚ್ಚೇನೂ ಬದಲಾಗುವುದಿಲ್ಲ. ಎಕ್ಸ್‌ರೇ ಮಾತ್ರ ನೂರು ಪಟ್ಟು, ಸಾವಿರ ಪಟ್ಟು ಏರಿಬಿಡುತ್ತದೆ. ಅದಕ್ಕೇ ಜ್ವಾಲೆಗಳಿಗೆ ದರ್ಜೆ ಕೊಡುವುದು ಎಕ್ಸ್‌ರೇ ಅಳೆದು: ಎ, ಬಿ, ಸಿ, ಎಂ, ಎಕ್ಸ್. ಒಂದೊಂದು ಅಕ್ಷರಕ್ಕೂ ಹತ್ತು ಪಟ್ಟು ಜಾಸ್ತಿ. ಈ ಎಕ್ಸ್‌ರೇ ನಮ್ಮ ನೆಲಕ್ಕೆ ಬರುವುದಿಲ್ಲ, ಗಾಳಿ ಮೇಲೆಯೇ ಹೀರಿಕೊಳ್ಳುತ್ತದೆ. ನಮ್ಮ ಪುಣ್ಯ. ಆದರೆ ಅದರಿಂದಾಗಿ ನೆಲದ ಮೇಲೆ ಕೂತು ಅದನ್ನು ಅಳೆಯುವುದೂ ಆಗುವುದಿಲ್ಲ. 1949ರಲ್ಲಿ ಅಮೆರಿಕದ ಹರ್ಬರ್ಟ್ ಫ್ರೀಡ್‌ಮನ್ ತಂಡ ವಿ-2 ರಾಕೆಟ್‌ನಲ್ಲಿ ಗೈಗರ್ ಕೌಂಟರ್ ಕಳಿಸಿ ಸೂರ್ಯನ ಎಕ್ಸ್‌ರೇ ಅಳೆದಾಗಿನಿಂದಲೂ ಇದು ಮೇಲೆ ಹೋಗಿಯೇ ಮಾಡಬೇಕಾದ ಕೆಲಸ.

2024ರ ಮೇ 10 ಮತ್ತು 11 ನೆನಪಿದೆಯಲ್ವಾ? 2003ರ ನಂತರದ ಅತಿ ದೊಡ್ಡ ಭೂಕಾಂತೀಯ ಬಿರುಗಾಳಿ, ಅಂದರೆ ಸೂರ್ಯನ ಸ್ಫೋಟಗಳಿಂದ ಭೂಮಿಯ ಕಾಂತಕ್ಷೇತ್ರ ಅಲುಗಾಡುವುದು, ಬಂದಿತ್ತು. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದ ಫೋಟೋ ಎಲ್ಲರ ಮೊಬೈಲ್‌ಗೂ ಬಂತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಜಿಪಿಎಸ್ ನಂಬಿ ಬಿತ್ತನೆ ಮಾಡುವ ಟ್ರ್ಯಾಕ್ಟರ್‌ಗಳು ಸಾಲು ತಪ್ಪಿದವು, ಎಷ್ಟೋ ಕಡೆ ಮೆಕ್ಕೆಜೋಳದ ಬಿತ್ತನೆಯನ್ನೇ ನಿಲ್ಲಿಸಬೇಕಾಯಿತು. ಮೆಕ್ಕೆಜೋಳ ಬೆಳೆಯುವ ದಾವಣಗೆರೆ ಜಿಲ್ಲೆಯವರಿಗೆ ಇದು ದೂರದ ಸುದ್ದಿ ಅನ್ನಿಸಬಾರದು. ಇಲ್ಲಿಯೂ ಔಷಧಿ ಹೊಡೆಯಲು ಡ್ರೋನ್ ಬಂದಿವೆ, ಜಮೀನಿನ ಸರ್ವೆಗೆ ಉಪಗ್ರಹದ ಸಿಗ್ನಲ್ ಬಳಸುತ್ತಾರೆ. ವಿದ್ಯುತ್ ಗ್ರಿಡ್ ವಿಷಯದಲ್ಲಿ ನಾವು ಭೂಮಿಯ ಕಾಂತೀಯ ಮಧ್ಯರೇಖೆಗೆ ಹತ್ತಿರ ಇರುವುದರಿಂದ ಕೆನಡಾದಷ್ಟು ಭಯ ಇಲ್ಲ. ಅಲ್ಲಿ 1989ರ ಮಾರ್ಚ್‌ನಲ್ಲಿ ಇಡೀ ಕ್ವಿಬೆಕ್ ಪ್ರಾಂತ್ಯ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿತ್ತು.

ಒಂದು ಮಾತು ಇಲ್ಲಿ ಸ್ಪಷ್ಟ ಇರಲಿ. ಎಕ್ಸ್‌ರೇ ಬರುವುದೂ ಬೆಳಕಿನ ವೇಗದಲ್ಲೇ, ಎಂಟು ನಿಮಿಷ ಚಿಲ್ಲರೆ. ಆದ್ದರಿಂದ ಎಕ್ಸ್‌ರೇ ಬರುವ ಮೊದಲೇ ಅದರ ಸುದ್ದಿ ಕೊಡಲು ಯಾವ ಡಿಟೆಕ್ಟರಿಗೂ ಸಾಧ್ಯವಿಲ್ಲ. ಆದರೆ ದೊಡ್ಡ ಜ್ವಾಲೆಯ ಹಿಂದೆ ಕೆಲವೊಮ್ಮೆ ಪ್ರೋಟಾನ್‌ಗಳು ಹತ್ತಾರು ನಿಮಿಷಗಳಲ್ಲಿ, ಸೂರ್ಯ ಉಗುಳಿದ ಕಾಂತೀಯ ಮೋಡ ಒಂದರಿಂದ ಮೂರು ದಿನದಲ್ಲಿ ಬರುತ್ತವೆ. ಅವುಗಳ ಮಟ್ಟಿಗೆ ಎಕ್ಸ್‌ರೇ ಎಚ್ಚರಿಕೆಯ ಮೊದಲ ಗಂಟೆ ಬಾರಿಸಿದ ಹಾಗೆ. ಆ ಗಂಟೆ ಸುಳ್ಳು ಹೊಡೆಯಬಾರದು, ಹೊಡೆಯಬೇಕಾದಾಗ ಸುಮ್ನೆ ಇರಬಾರದು.

ಈಗ ತೂಕದ ವಿಷಯ. ನಮ್ಮ ಆದಿತ್ಯ-ಎಲ್1 ಸುಮಾರು ಒಂದೂವರೆ ಟನ್ನಿನ ನೌಕೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ಕ್ಕೆ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗಕ್ಕೆ ಸೇರಿತು. ಅದರಲ್ಲಿ ಎರಡು ಎಕ್ಸ್‌ರೇ ಉಪಕರಣಗಳಿವೆ, ಎರಡೂ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು. ಸೋಲೆಕ್ಸ್ ಅನ್ನುವುದು 2ರಿಂದ 22 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಎಕ್ಸ್‌ರೇ ಶಕ್ತಿಯ ಅಳತೆ) ಶಕ್ತಿಯ ಮೃದು ಎಕ್ಸ್‌ರೇಗೆ, ಹೀಲಿಯೋಸ್ ಅನ್ನುವುದು 8ರಿಂದ 150 ಕೆಇವಿವರೆಗಿನ ಕಠಿಣ ಎಕ್ಸ್‌ರೇಗೆ. ಇನ್ನೊಂದು ಕಡೆ, 2022ರ ಫೆಬ್ರವರಿ 14ರಂದು ಪಿಎಸ್‌ಎಲ್‌ವಿ-ಸಿ52 ರಾಕೆಟ್ 1710 ಕಿಲೋ ತೂಕದ ಇಒಎಸ್-04 ಉಪಗ್ರಹದ ಜೊತೆ ಇನ್‌ಸ್ಪೈರ್‌ಸ್ಯಾಟ್-1 ಎಂಬ ಇನ್ನೊಂದನ್ನೂ ಒಯ್ದಿತ್ತು. ತೂಕ 8.1 ಕಿಲೋ. ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ ಐಐಎಸ್‌ಟಿಯ ವಿದ್ಯಾರ್ಥಿಗಳು, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯ ಮತ್ತಿತರರು ಸೇರಿ ಮಾಡಿದ್ದು. ಅದರೊಳಗೂ ಸೂರ್ಯನ ಎಕ್ಸ್‌ರೇ ಅಳೆಯುವ ಉಪಕರಣ ಇತ್ತು, ಹೆಸರು ಡ್ಯಾಕ್ಸ್. ಮದುವೆ ಮನೆಗೆ ಒಯ್ಯುವ ಬ್ಯಾಗಿಗಿಂತ ಹಗುರ ಒಂದು ಉಪಗ್ರಹ ಸೂರ್ಯನ ರೋಹಿತವನ್ನು, ಯಾವ ಶಕ್ತಿಯ ಎಕ್ಸ್‌ರೇ ಎಷ್ಟಿದೆ ಅನ್ನುವುದನ್ನು, ಬಿಡಿಸಿ ತೋರಿಸಿತು ಅಂದರೆ ಅದು ಸಣ್ಣ ಮಾತಲ್ಲ.

ಹಗುರ ಇರುವುದರ ಲಾಭ ದುಡ್ಡಿನದ್ದಷ್ಟೇ ಅಲ್ಲ. ಭೂಮಿಯ ಸುತ್ತ ತಿರುಗುವ ಉಪಗ್ರಹಕ್ಕೆ ಹೆಚ್ಚಿನ ಕಕ್ಷೆಗಳಲ್ಲಿ ಪ್ರತಿ ಸುತ್ತಿಗೂ ರಾತ್ರಿ ಬರುತ್ತದೆ. ಆ ಅರ್ಧ ಗಂಟೆಯಲ್ಲೇ ಜ್ವಾಲೆ ಎದ್ದರೆ ಹೋಯಿತು. ಚಂದ್ರಯಾನ-2ರಲ್ಲಿರುವ ಎಕ್ಸ್‌ಎಸ್‌ಎಂ ಎಂಬ ಸೌರ ಮಾನಿಟರ್ ಅದ್ಭುತ ಕೆಲಸ ಮಾಡಿದೆ. ಸೂರ್ಯ ತೀರಾ ಸುಮ್ಮನಿದ್ದ 2019-20ರಲ್ಲಿ, ಎ ದರ್ಜೆಗಿಂತಲೂ ಚಿಕ್ಕದಾದ 98 ಜ್ವಾಲೆಗಳನ್ನು ಅದು ಹಿಡಿದಿತ್ತು. ಆದರೂ ಚಂದ್ರನ ಸುತ್ತಲಿನ ಕಕ್ಷೆಯಿಂದಾಗಿ ವರ್ಷದ ಎಲ್ಲ ದಿನ ಸೂರ್ಯ ಅದರ ಕಣ್ಣಿಗೆ ಬೀಳುವುದಿಲ್ಲ. ಆದಿತ್ಯಕ್ಕೆ ಈ ತೊಂದರೆ ಇಲ್ಲ, ಆದರೆ ಅದು ಒಂದೇ ಒಂದು. ಹೊಲ ಕಾಯಲು ಒಬ್ಬನೇ ಇದ್ದರೆ ಅವನು ಊಟಕ್ಕೆ ಹೋದಾಗ ಏನು ಗತಿ? ಹಗುರದವು ಏಳೆಂಟು ಇದ್ದರೆ ಒಂದಕ್ಕೆ ರಾತ್ರಿ ಆದಾಗ ಇನ್ನೊಂದಕ್ಕೆ ಹಗಲು.

ಇಷ್ಟು ಹಗುರ ಆಗಿದ್ದು ಹೇಗೆ ಅನ್ನೋದು ನನಗೆ ಬಹಳ ಇಷ್ಟದ ವಿಷಯ. ಒಂದು ಎಕ್ಸ್‌ರೇ ಫೋಟಾನ್, ಅಂದರೆ ಎಕ್ಸ್‌ರೇಯ ಒಂದು ಕಣ, ಸಿಲಿಕಾನಿಗೆ ಬಿದ್ದಾಗ ಎಲೆಕ್ಟ್ರಾನ್‌ಗಳು ಬಿಡುಗಡೆ ಆಗುತ್ತವೆ. ಸುಮಾರು 3.6 ಎಲೆಕ್ಟ್ರಾನ್ ವೋಲ್ಟಿಗೆ ಒಂದು. 5.9 ಕೆಇವಿ ಫೋಟಾನ್ ಬಿದ್ದರೆ ಸುಮಾರು 1600 ಎಲೆಕ್ಟ್ರಾನ್. ಅಷ್ಟೇ. ಆ 1600ನ್ನು 1550 ಅಲ್ಲ, 1650 ಅಲ್ಲ ಅಂತ ಎಣಿಸಿ ಹೇಳಬೇಕು, ಆಗ ಮಾತ್ರ ಫೋಟಾನಿನ ಶಕ್ತಿ ಗೊತ್ತಾಗುತ್ತದೆ. ಸಿಲಿಕಾನ್ ಬಿಸಿ ಇದ್ದರೆ ಅದರಲ್ಲಿ ತಾನಾಗಿಯೇ ಎಲೆಕ್ಟ್ರಾನ್‌ಗಳು ಏಳುತ್ತಿರುತ್ತವೆ, ಅದೇ ಗದ್ದಲ. ಹಳೇ ಡಿಟೆಕ್ಟರ್‌ಗಳಿಗೆ ದ್ರವ ಸಾರಜನಕ ಬೇಕಿತ್ತು. 2002ರಲ್ಲಿ ಹಾರಿದ ನಾಸಾದ ರೆಸ್ಸಿ ಉಪಗ್ರಹದಲ್ಲಿ ಜರ್ಮೇನಿಯಂ ಡಿಟೆಕ್ಟರ್‌ಗಳನ್ನು ಸೊನ್ನೆಗಿಂತ ಸುಮಾರು 200 ಡಿಗ್ರಿ ಕೆಳಗೆ ಇಡಲು ಒಂದು ಯಂತ್ರವೇ ಓಡುತ್ತಿತ್ತು. ತೂಕ ಅಲ್ಲಿತ್ತು.

ಅದನ್ನು ತಪ್ಪಿಸಿದ್ದು ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್. 1983-84ರ ಸುಮಾರಿಗೆ ಎಮಿಲಿಯೊ ಗಟ್ಟಿ, ಪಾವೆಲ್ ರೆಹಾಕ್ ಇಬ್ಬರೂ ಸೇರಿ ಕೊಟ್ಟ ಕಲ್ಪನೆ. ಚಿತ್ರದುರ್ಗದ ಕಡೆಯವರಿಗೆ ಕೃಷಿಹೊಂಡ ಅಂದರೆ ಸಾಕು, ಅರ್ಥವಾಗುತ್ತದೆ. ಹೊಲ ದೊಡ್ಡದು, ಹೊಂಡ ಚಿಕ್ಕದು. ಇಳಿಜಾರು ಸರಿಯಾಗಿ ಕೊಟ್ಟರೆ ಹೊಲದ ಯಾವ ಮೂಲೆಯಲ್ಲಿ ಮಳೆ ಬಿದ್ದರೂ ನೀರು ಹೊಂಡಕ್ಕೇ ಬರುತ್ತದೆ. ಈ ಡಿಟೆಕ್ಟರಿನಲ್ಲಿ ಉಂಗುರದೊಳಗೆ ಉಂಗುರ ಇಟ್ಟು, ಒಂದೊಂದಕ್ಕೂ ಬೇರೆ ಬೇರೆ ವೋಲ್ಟೇಜ್ ಕೊಟ್ಟು ಆ ಇಳಿಜಾರು ಮಾಡುತ್ತಾರೆ. ಎಲೆಕ್ಟ್ರಾನ್‌ಗಳೆಲ್ಲ ಜಾರಿಕೊಂಡು ನಡುವಿನ ಪುಟ್ಟ ಚುಕ್ಕೆಗೆ ಬಂದು ಸೇರುತ್ತವೆ. ಎಲೆಕ್ಟ್ರಾನಿಕ್ಸ್ ಗದ್ದಲ ಆ ಚುಕ್ಕೆಯ ಗಾತ್ರ ನೋಡಿ ಬರುತ್ತದೆ, ಹೊಲದ ಗಾತ್ರ ನೋಡಿ ಅಲ್ಲ. ಗದ್ದಲ ಇಳಿದದ್ದರಿಂದ ಮೈನಸ್ 35 ಡಿಗ್ರಿ ಆಸುಪಾಸಿನ ತಂಪು ಸಾಕಾಯಿತು. ಅದಕ್ಕೆ ಕರೆಂಟ್ ಹರಿಸಿದರೆ ಒಂದು ಬದಿ ತಂಪಾಗುವ ಪೆಲ್ಟಿಯರ್ ಬಿಲ್ಲೆ ಸಾಕು, ಸಣ್ಣ ವಾಟರ್ ಡಿಸ್ಪೆನ್ಸರ್‌ಗಳಲ್ಲೂ ಇರುವಂಥದ್ದು. ಯಂತ್ರ ಹೋಯಿತು, ಸಾರಜನಕ ಹೋಯಿತು, ಅರ್ಧ ಮಿಲಿಮೀಟರ್ ದಪ್ಪದ ಒಂದು ಸಿಲಿಕಾನ್ ಚಿಪ್ ಉಳಿಯಿತು.

ಇಲ್ಲಿಂದ ಪರೀಕ್ಷೆಯ ಕಥೆ ಶುರು.

ಮೊದಲನೆಯದು ನಮ್ಮ ಹುಡುಗರ ಸೂಜಿ ತೂತೇ. ಭೂಮಿಯ ಹತ್ತಿರ ಸೂರ್ಯನ ಬೆಳಕು ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್. ಎಕ್ಸ್-1 ದರ್ಜೆಯ ದೊಡ್ಡ ಜ್ವಾಲೆಯ ಎಕ್ಸ್‌ರೇ ಎಷ್ಟು? ಒಂದು ವ್ಯಾಟಿನ ಹತ್ತು ಸಾವಿರದಲ್ಲಿ ಒಂದು ಭಾಗ. ಭಾಗಿಸಿ ನೋಡಿ, ಒಂದು ಪಾಲು ಎಕ್ಸ್‌ರೇಗೆ ಒಂದು ಕೋಟಿ ಮೂವತ್ತಾರು ಲಕ್ಷ ಪಾಲು ಬೇರೆ ಬೆಳಕು. ಆ ಕೋಟಿಯನ್ನು ಹೊರಗೆ ನಿಲ್ಲಿಸಿ ಒಂದನ್ನು ಮಾತ್ರ ಒಳಗೆ ಬಿಡುವುದು ಬೆರಿಲಿಯಂ ಲೋಹದ ಕಿಟಕಿ. ಎಕ್ಸ್‌ಎಸ್‌ಎಂನಲ್ಲಿ ಅದರ ದಪ್ಪ 8 ಮೈಕ್ರಾನ್, ತಲೆಕೂದಲಿನ ಎಂಟೊಂಬತ್ತರಲ್ಲಿ ಒಂದು ಭಾಗ. ಕಿಟಕಿ ದಪ್ಪ ಮಾಡಿದರೆ ಗಟ್ಟಿ, ಆದರೆ ಕಡಿಮೆ ಶಕ್ತಿಯ ಎಕ್ಸ್‌ರೇ ಅಲ್ಲೇ ಸಾಯುತ್ತದೆ. ತೆಳು ಮಾಡಿದರೆ ಎಕ್ಸ್‌ರೇ ಬರುತ್ತದೆ, ಆದರೆ ರಾಕೆಟ್ ಏಳುವಾಗಿನ ಸದ್ದು, ಅದುರು, ಗಾಳಿ ಒಮ್ಮೆಲೇ ಖಾಲಿ ಆಗುವ ಎಳೆತ, ಇಷ್ಟನ್ನೂ ಆ ಹಾಳೆ ತಡೆಯಬೇಕು. ಅದಕ್ಕೇ ಕಂಪನದ ಮೇಜಿನ ಮೇಲೆ ಕುಲುಕಿದ ನಂತರ ಮತ್ತೆ ಬೆಳಕಿಗೆ ಹಿಡಿದು ಮೊದಲಿನ ಎಣಿಕೆಯೇ ಬರುತ್ತದಾ ಅಂತ ನೋಡಬೇಕು. ಕುಲುಕುವ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಎರಡು ಸಂಖ್ಯೆ ಹೋಲಿಸಿದಾಗಲೇ ಬಿರುಕು ಬಿಟ್ಟಿದೆಯಾ ಇಲ್ಲವಾ ಅಂತ ಗೊತ್ತಾಗುವುದು.

ಎರಡನೆಯದು ನನಗೆ ಎಲ್ಲಕ್ಕಿಂತ ಕಷ್ಟದ್ದು ಅನ್ನಿಸುತ್ತದೆ. ದಾವಣಗೆರೆ ಎಪಿಎಂಸಿ ಗೇಟಿನಲ್ಲಿ ಒಬ್ಬರು ಕೂತು ಒಳಗೆ ಹೋಗುವ ಹಮಾಲರನ್ನೂ ಅವರ ಬೆನ್ನ ಮೇಲಿನ ಮೂಟೆಯ ತೂಕವನ್ನೂ ಬರೆದುಕೊಳ್ಳುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬೊಬ್ಬರಾಗಿ ಬಂದರೆ ಲೆಕ್ಕ ಸರಿ. ಇಬ್ಬರು ಒಂದೇ ಹೆಜ್ಜೆಗೆ ನುಗ್ಗಿದರೆ, ಎರಡು ಮೂಟೆ ಹೊತ್ತ ಒಬ್ಬನೇ ಆಸಾಮಿ ಅಂತ ಪುಸ್ತಕದಲ್ಲಿ ಬರುತ್ತದೆ. ಡಿಟೆಕ್ಟರಿನಲ್ಲೂ ಹಾಗೇ, ಇದಕ್ಕೆ ಪೈಲ್-ಅಪ್ ಅನ್ನುತ್ತಾರೆ. ಒಂದು ಫೋಟಾನನ್ನು ಎಣಿಸಲು 2 ಮೈಕ್ರೋಸೆಕೆಂಡ್ ಬೇಕು ಅಂದುಕೊಳ್ಳೋಣ. ಸೆಕೆಂಡಿಗೆ ಸಾವಿರ ಫೋಟಾನ್ ಬಂದರೆ ಸಾವಿರಕ್ಕೆ ಎರಡು ತಪ್ಪು, ತೊಂದರೆಯಿಲ್ಲ. ಸೆಕೆಂಡಿಗೆ ಲಕ್ಷ ಬಂದರೆ ನೂರಕ್ಕೆ ಹದಿನೆಂಟು ತಪ್ಪು. ಅದೂ ಎಂಥ ತಪ್ಪು! 3.3 ಕೆಇವಿಯದ್ದೊಂದು, 3.4ರದ್ದೊಂದು ಒಟ್ಟಿಗೆ ಬಿದ್ದರೆ 6.7 ಅಂತ ಓದುತ್ತದೆ. ಸೂರ್ಯನಲ್ಲಿ ಕೋಟಿಗಟ್ಟಲೆ ಡಿಗ್ರಿಗೆ ಕಾದ ಕಬ್ಬಿಣ ಕೊಡುವ ಗೆರೆ, ಅಂದರೆ ಅದರ ಗುರುತಿನ ಎಕ್ಸ್‌ರೇ, ಇರುವುದೂ ಸರಿಯಾಗಿ ಅಲ್ಲೇ. ಅಂದರೆ ಜ್ವಾಲೆ ನಿಜವಾಗಿ ಎಷ್ಟು ಬಿಸಿ ಇದೆಯೋ ಅದಕ್ಕಿಂತ ಹೆಚ್ಚು ಬಿಸಿ ಅಂತ ಡಿಟೆಕ್ಟರ್ ಸಾಕ್ಷಿ ಹೇಳುತ್ತದೆ, ಅದೂ ಜ್ವಾಲೆ ದೊಡ್ಡದಿದ್ದಾಗಲೇ, ಅಂದರೆ ನಮಗೆ ಸತ್ಯ ಹೆಚ್ಚು ಬೇಕಾದಾಗಲೇ.

ಇದಕ್ಕೆ ಎಕ್ಸ್‌ಎಸ್‌ಎಂನವರು ಒಂದು ತಿರುಗುವ ಚಕ್ರ ಇಟ್ಟರು. ಎಕ್ಸ್‌ರೇ ಮಿತಿ ಮೀರಿದರೆ 250 ಮೈಕ್ರಾನಿನ ದಪ್ಪ ಬೆರಿಲಿಯಂ ಹಾಳೆ ತಾನಾಗಿ ಅಡ್ಡ ಬರುತ್ತದೆ. ಒಳ್ಳೆಯ ಉಪಾಯ, ಆದರೆ ಮೋಟಾರ್ ಬೇಕು, ಅದರ ತೂಕ ಬೇಕು, ಅದು ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಬೇಕು. ಸೋಲೆಕ್ಸ್‌ನವರು ಮೋಟಾರ್ ಬಿಟ್ಟು ಎರಡು ಡಿಟೆಕ್ಟರ್ ಇಟ್ಟರು. ಒಂದರ ಕಂಡಿ 7.1 ಚದರ ಮಿಲಿಮೀಟರ್, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಇನ್ನೊಂದರದ್ದು 0.1, ಅದು ಸೂಜಿ ಮೊನೆ. ಚಿಕ್ಕ ಜ್ವಾಲೆಗೆ ದೊಡ್ಡ ಕಂಡಿ, ದೊಡ್ಡ ಜ್ವಾಲೆಗೆ ಚಿಕ್ಕ ಕಂಡಿ. ಡ್ಯಾಕ್ಸ್ ಇನ್ನೂ ಮುಂದೆ ಹೋಗಿ ಒಂದೇ ಚಿಪ್‌ಗೆ ಎರಡು ದಾರಿ ಮಾಡಿತು. ಹಗುರ ಮಾಡುವುದು ಅಂದರೆ ಇದೇ ಅಂತ ನನ್ನ ಅಭಿಪ್ರಾಯ, ಅಲುಗಾಡುವ ಭಾಗವನ್ನೇ ತೆಗೆದುಬಿಡುವುದು.

ಆದರೆ ಕೆಲಸ ಎಲ್ಲಿಗೆ ಬಂತು ನೋಡಿ. 0.1 ಚದರ ಮಿಲಿಮೀಟರ್ ಅಂದರೆ ವ್ಯಾಸ ಸುಮಾರು 0.36 ಮಿಲಿಮೀಟರ್. ತೂತು ಕೊರೆಯುವಾಗ ವ್ಯಾಸದಲ್ಲಿ 10 ಮೈಕ್ರಾನ್ ಹೆಚ್ಚುಕಡಿಮೆ ಆದರೆ, ಸೂರ್ಯನ ಅಳತೆಯೇ ನೂರಕ್ಕೆ ಐದೂವರೆಯಷ್ಟು ತಪ್ಪುತ್ತದೆ. ಮೋಟಾರ್ ಹೋಯಿತು, ಸೂಕ್ಷ್ಮದರ್ಶಕದ ಕೆಳಗೆ ತೂತು ಅಳೆಯುವ ಕೆಲಸ ಬಂತು. ಆಮೇಲೆ ನಿಜವಾದ ಎಕ್ಸ್‌ರೇ ಬಿಟ್ಟು, ನಿಧಾನಕ್ಕೆ ಹೆಚ್ಚಿಸುತ್ತಾ, ಎಲ್ಲಿಂದ ಎಣಿಕೆ ದಾರಿ ತಪ್ಪುತ್ತದೆ ಅಂತ ಗುರುತು ಹಾಕಬೇಕು. ನಮ್ಮ ದೇಶದಲ್ಲಿ ಅದಕ್ಕೆ ಇಂದೋರ್‌ನ ಇಂಡಸ್-2 ಸಿಂಕ್ರೋಟ್ರಾನ್ ಇದೆ, ಬೇಕಾದ ಶಕ್ತಿಯ ಎಕ್ಸ್‌ರೇಯನ್ನು ಆರಿಸಿ ಕೊಡುವ ದೊಡ್ಡ ಉಂಗುರ. ಅಳತೆಗೋಲು ಸರಿ ಇದೆಯಾ ಅಂತ ಪ್ರತಿದಿನ ನೋಡಲು ಮಾತ್ರ ಕಬ್ಬಿಣ-55 ಎಂಬ, ತಾನಾಗಿಯೇ ವಿಕಿರಣ ಬಿಡುವ ಚೂರು ಸಾಕು, ಅದು ಯಾವಾಗಲೂ 5.9 ಕೆಇವಿಯನ್ನೇ ಕೊಡುತ್ತದೆ. ತಕ್ಕಡಿಗೆ ಸರ್ಕಾರಿ ಮುದ್ರೆಯ ತೂಕದ ಬಟ್ಟು ಇದ್ದ ಹಾಗೆ.

ಮಿತಿ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2003ರ ನವೆಂಬರ್ 4 ಇದೆ. ಆ ದಿನದ ಜ್ವಾಲೆಗೆ ಅಮೆರಿಕದ ಗೋಸ್ ಉಪಗ್ರಹದ ಎಕ್ಸ್‌ರೇ ಮೀಟರ್ ತುಂಬಿ, ಹಲವು ನಿಮಿಷ ಒಂದೇ ಕಡೆ ನಿಂತುಬಿಟ್ಟಿತು. ಎಕ್ಸ್-28 ಅಂತ ಆಮೇಲೆ ಅಂದಾಜು ಮಾಡಿದರು. ಆ ಕಾಲದ ಅತಿ ದೊಡ್ಡ ಜ್ವಾಲೆಯ ನಿಜವಾದ ಅಳತೆ ಇವತ್ತಿಗೂ ನಮ್ಮ ಹತ್ತಿರ ಇಲ್ಲ.

ಬಿಸಿ-ತಂಪಿನ ಪರೀಕ್ಷೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪೆಲ್ಟಿಯರ್ ಬಿಲ್ಲೆ ಒಂದು ಬದಿ ತಂಪು ಮಾಡಿದರೆ ಇನ್ನೊಂದು ಬದಿ ಬಿಸಿ ಉಗುಳುತ್ತದೆ. ಲ್ಯಾಬಿನಲ್ಲಿ ಫ್ಯಾನ್ ಹಾಕಿದರೆ ಆಯಿತು. ಮೇಲೆ ಗಾಳಿಯೇ ಇಲ್ಲ. ಆ ಬಿಸಿ ಲೋಹದ ಪಟ್ಟಿ ಹಿಡಿದು ಉಪಗ್ರಹದ ಮೈಗೆ ಹೋಗಿ ಅಲ್ಲಿಂದ ಹೊರಗೆ ಹೋಗಬೇಕು. ದೊಡ್ಡ ನೌಕೆಗೆ ಮೈ ದೊಡ್ಡದು, ಬಿಸಿ ಹರಡಿಕೊಳ್ಳುತ್ತದೆ. ಎಂಟು ಕಿಲೋದ ಡಬ್ಬಿಗೆ ಮೈಯೇ ಇಲ್ಲ. ಅದಕ್ಕೆ ಗಾಳಿ ತೆಗೆದ ಕೋಣೆಯಲ್ಲಿ ಬಿಸಿ, ತಂಪು, ಮತ್ತೆ ಬಿಸಿ ಅಂತ ದಿನಗಟ್ಟಲೆ ಸುತ್ತಿಸುತ್ತಾರೆ. ಆಮೇಲೆ ಪ್ರೋಟಾನ್ ಹೊಡೆತ. ಪ್ರೋಟಾನ್ ಸಿಲಿಕಾನಿನ ಹರಳಿನೊಳಗೆ ಗಾಯ ಮಾಡುತ್ತದೆ, ಗಾಯದಿಂದ ಗದ್ದಲ ಏರುತ್ತದೆ. ದಪ್ಪ ಲೋಹದ ಕವಚ ಇದ್ದರೆ ತಡೆಯುತ್ತಿತ್ತು, ತೂಕ ಅಂತ ಅದನ್ನು ತೆಳು ಮಾಡಿದ್ದೇವೆ. ಹಾಗಾಗಿ ವರ್ಷಗಳಲ್ಲಿ ಬೀಳುವ ಹೊಡೆತವನ್ನು ನೆಲದ ಮೇಲೆ ಕೆಲವು ಗಂಟೆಗಳಲ್ಲಿ ಕೊಟ್ಟು, ಡಿಟೆಕ್ಟರ್ ಇನ್ನೂ ಎಣಿಸುತ್ತದಾ ಅಂತ ನೋಡದೆ ಕಳಿಸುವ ಹಾಗಿಲ್ಲ.

ಇಷ್ಟಾದರೂ ಬದುಕುತ್ತದೆ ಅಂತ ಗ್ಯಾರಂಟಿ ಇಲ್ಲ. ಕೊಲೊರಾಡೊದವರ ಮಿನ್‌ಎಕ್ಸ್‌ಎಸ್‌ಎಸ್ ಎಂಬ ಪುಟ್ಟ ಉಪಗ್ರಹ 2016ರ ಮೇಯಿಂದ ಸುಮಾರು ಒಂದು ವರ್ಷ ಚೆನ್ನಾಗಿ ಕೆಲಸ ಮಾಡಿತು. 2018ರ ಡಿಸೆಂಬರ್‌ನಲ್ಲಿ ಹೋದ ಅದರ ತಮ್ಮ ಕೆಲವೇ ವಾರಗಳಲ್ಲಿ ಮೌನವಾಯಿತು. ನಮ್ಮ ಮೊದಲ ಉಪಗ್ರಹ ಆರ್ಯಭಟದಲ್ಲೂ, 1975ರಲ್ಲಿ, ಎಕ್ಸ್‌ರೇ ಖಗೋಳ ಪ್ರಯೋಗ ಇತ್ತು. ವಿದ್ಯುತ್ ತೊಂದರೆಯಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. ಆಗ ಅದರ ಹೊಣೆ ಹೊತ್ತಿದ್ದವರು ಉಡುಪಿ ಕಡೆಯ ಯು.ಆರ್. ರಾವ್. ಸೋಲೆಕ್ಸ್ ಹುಟ್ಟಿದ್ದು ಅವರ ಹೆಸರಿನ ಕೇಂದ್ರದಲ್ಲೇ ಅನ್ನುವುದು ನನಗೆ ಸಮಾಧಾನದ ವಿಷಯ. ನಡುವೆ ಸುಮಾರು ಐವತ್ತು ವರ್ಷ ಹೋದವು.

ಈಗ ನಮ್ಮ ಊರಿನ ಮಾತು. ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ಪುಷ್ಪಕ್, ಮತ್ತೆ ಮತ್ತೆ ಬಳಸಲೆಂದು ಮಾಡುತ್ತಿರುವ ರೆಕ್ಕೆಯ ಉಡಾವಣಾ ವಾಹನ, ಮೂರು ಸಲ ಇಳಿಯಿತು, 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಎರಡು ಸಲ. ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಮೇಲಿಂದ ಬಿಡುವುದು, ಅದು ತಾನಾಗಿ ರನ್‌ವೇ ಹುಡುಕಿ ಇಳಿಯುವುದು, ನೋಡಲು ರೋಮಾಂಚನ. ಡಿಟೆಕ್ಟರ್ ಪರೀಕ್ಷೆಯಲ್ಲಿ ನೋಡಲು ಏನೂ ಇಲ್ಲ. ಕತ್ತಲೆ ಕೋಣೆ, ಒಂದು ಡಬ್ಬಿ, ಪರದೆಯ ಮೇಲೆ ಏರುವ ಸಂಖ್ಯೆ. ಅದಕ್ಕೇ ಅದಕ್ಕೆ ಸುದ್ದಿಯಿಲ್ಲ, ಕಾಲೇಜುಗಳಲ್ಲಿ ಅದಕ್ಕೆ ಆಸಕ್ತಿಯೂ ಕಡಿಮೆ. ಆದರೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಬಿಸಿ-ತಂಪಿನ ಕೋಣೆ, ಸಣ್ಣ ಕಂಪನ ಮೇಜು, ಕತ್ತಲೆ ಡಬ್ಬಿ, ಇಷ್ಟನ್ನು ಎರಡು ಜಿಲ್ಲೆಗೆ ಒಂದು ಕಡೆ ಮಾಡಿಕೊಳ್ಳುವುದು ಆಗದ ಕೆಲಸ ಅಲ್ಲವೇ ಅಲ್ಲ.

ಮೇಲೆ ಕಳಿಸುವ ದಾರಿಯೂ ಈಗ ಇದೆ. ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತ ಕೆಲಸ ಮುಗಿದ ಮೇಲೆ ಸುಮ್ನೆ ಕಸವಾಗುವ ಬದಲು, ಅದನ್ನೇ ಪ್ರಯೋಗಗಳ ಹಲಗೆಯಾಗಿ ಇಸ್ರೋ ಬಳಸುತ್ತದೆ, ಪೋಯಂ ಅಂತ ಹೆಸರು. 2024ರ ಡಿಸೆಂಬರ್ 30ರಂದು ಹೋದ ಪೋಯಂ-4ರಲ್ಲಿ 24 ಪ್ರಯೋಗಗಳಿದ್ದವು. ಅದರಲ್ಲಿ ಬೆಂಗಳೂರಿನ ಆರ್.ವಿ. ಕಾಲೇಜಿನದ್ದೂ ಇತ್ತು, ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿಯದ್ದೂ ಇತ್ತು. ಚಿಕ್ಕಬಳ್ಳಾಪುರದಿಂದ ಆಗುವುದಾದರೆ ನಮ್ಮಲ್ಲಿಂದ ಯಾಕಾಗಬಾರದು? ಸೂರ್ಯನನ್ನೇ ಅಳೆಯಬೇಕು ಅಂತಿಲ್ಲ. ಒಂದು ಸಿಲಿಕಾನ್ ಡಿಟೆಕ್ಟರ್ ಕವಚ ತೆಳು ಇದ್ದಾಗ ಮೇಲೆ ವಾರದಿಂದ ವಾರಕ್ಕೆ ಎಷ್ಟು ಹಾಳಾಗುತ್ತದೆ ಅಂತ ಅಳೆದು ಕೊಟ್ಟರೂ ಸಾಕು, ದೊಡ್ಡವರಿಗೆ ಅದು ಕೆಲಸಕ್ಕೆ ಬರುವ ಸಂಖ್ಯೆ.

ನಮ್ಮ ಹುಡುಗರು ಈಗ ಫಾಯಿಲ್ ಬಿಟ್ಟು ಸ್ಟೀಲ್ ಡಬ್ಬಿಗೆ ಬಂದಿದ್ದಾರೆ. ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ಮ್ಯಾಂಟಲ್ ಇಲ್ಲದೆ, ದೀಪ ಆರಿಸಿ, ಲಾರಿ ಓಡಾಟ ಕಡಿಮೆ ಇರುವ ರಾತ್ರಿ ಎರಡು ಗಂಟೆಗೆ ಎಣಿಸಿದ ಸಂಖ್ಯೆ ಇದೆ. ಮುಂದಿನದು ಅದೇ ಡಬ್ಬಿಯನ್ನು ಗಾಜಿನ ಬೆಲ್ ಜಾರ್ ಒಳಗಿಟ್ಟು, ಗಾಳಿ ತೆಗೆದು ಎಣಿಸುವುದು. ವ್ಯಾಕ್ಯೂಮ್ ಪಂಪಿನ ಅದುರು ಡಿಟೆಕ್ಟರಿಗೆ ತಾಗದ ಹಾಗೆ ಕೆಳಗೆ ಏನಿಡಬೇಕು ಅಂತ ಯೋಚನೆ ನಡೆದಿದೆ. ಈ ವಾರ ಸೈಕಲ್ ಟ್ಯೂಬಿನ ತುಂಡು ಇಟ್ಟು ನೋಡುತ್ತೇವೆ.